ಬಸ್ಕಿ: ಗರಡಿಮನೆಯ ಕಾಲಿನ ಸಾಮು – ಹಿನ್ನೆಲೆ, ವಿಧಾನ ಮತ್ತು ಪ್ರಯೋಜನಗಳು

ಪೀಠಿಕೆ

ನಿಂತ ನಿಲುವಿನಿಂದ ಮಂಡಿಗಳನ್ನು ಮಡಿಸಿ ಕುಕ್ಕರುಗಾಲಿನವರೆಗೆ ಇಳಿದು, ನೆಲಕ್ಕೆ ಕೈ ಊರದೆ ಮತ್ತೆ ಎದ್ದು ನಿಲ್ಲುವ ವ್ಯಾಯಾಮವನ್ನು ಕನ್ನಡದಲ್ಲಿ ಬಸ್ಕಿ ಎಂದು ಕರೆಯಲಾಗುತ್ತದೆ. ಉತ್ತರ ಭಾರತದ ಅಖಾಡಗಳಲ್ಲಿ ಇದೇ ಬೈಠಕ್. ವಿದೇಶಗಳ ವ್ಯಾಯಾಮಾಸಕ್ತರು ಇದನ್ನು ಹಿಂದೂ ಸ್ಕ್ವಾಟ್ ಎಂಬ ಹೆಸರಿನಿಂದ ಬಲ್ಲರು. ಇದಕ್ಕೆ ಯಾವ ಉಪಕರಣವೂ ಬೇಕಿಲ್ಲ. ಒಬ್ಬರು ನಿಲ್ಲುವಷ್ಟು ಸ್ಥಳ ಸಾಕು.

ಆದರೆ ಕನ್ನಡಿಗರಲ್ಲಿ ಬಹುಪಾಲು ಜನರಿಗೆ ಬಸ್ಕಿಯ ಮೊದಲ ಪರಿಚಯವಾಗಿರುವುದು ಗರಡಿಮನೆಯಲ್ಲಿ ಅಲ್ಲ, ಶಾಲೆಯ ಕೊಠಡಿಯಲ್ಲಿ. ಮನೆಪಾಠ ಬರೆಯದ, ತಡವಾಗಿ ಬಂದ ಅಥವಾ ಮಗ್ಗಿ ತಪ್ಪಿದ ಮಕ್ಕಳಿಗೆ ಕಿವಿ ಹಿಡಿದು ಬಸ್ಕಿ ಹೊಡೆಯುವ ಶಿಕ್ಷೆ ತಲೆಮಾರುಗಳಿಂದ ಬಂದದ್ದು. ಗಣಪತಿಯ ಮುಂದೆ ಕೈಗಳನ್ನು ಅಡ್ಡಲಾಗಿ ಹಿಡಿದು ಕಿವಿ ಮುಟ್ಟಿ ಹೊಡೆಯುವ ನಾಲ್ಕಾರು ಬಸ್ಕಿಗಳು ಮಾತ್ರ ಇದಕ್ಕೆ ಹೊರತಾದವು. ಅಲ್ಲಿ ಅದು ಭಕ್ತಿಯ ಅಂಗ. ಒಂದೇ ಚಲನೆಯು ಒಂದೆಡೆ ಪೈಲ್ವಾನರ ತೊಡೆಗೆ ಬಲ ಕೊಡುವ ಸಾಮು, ಇನ್ನೊಂದೆಡೆ ಮಗುವನ್ನು ಆಸ್ಪತ್ರೆಗೆ ಕಳುಹಿಸಬಲ್ಲ ಶಿಕ್ಷೆ. ಈ ಎರಡರ ನಡುವಿನ ವ್ಯತ್ಯಾಸವು ಪ್ರಮಾಣದಲ್ಲಿ ಮತ್ತು ಕ್ರಮದಲ್ಲಿ ಅಡಗಿದೆ. ಬಸ್ಕಿಯ ಹಿನ್ನೆಲೆ, ದೇಹದ ಮೇಲೆ ಅದರ ಪರಿಣಾಮ ಮತ್ತು ಅನುಸರಿಸಬೇಕಾದ ಕ್ರಮವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಬಸ್ಕಿಯು ಒಬ್ಬ ವ್ಯಕ್ತಿಯ ಸೃಷ್ಟಿಯಲ್ಲ. ಮಲ್ಲಯುದ್ಧದ ಅಭ್ಯಾಸದೊಳಗೆ ಬೆಳೆದು ಬಂದ ವ್ಯಾಯಾಮವಿದು. ಮಲ್ಲರ ತರಬೇತಿಯ ಬಗ್ಗೆ ವಿವರವಾಗಿ ತಿಳಿಸುವ ಹಳೆಯ ಗ್ರಂಥಗಳಲ್ಲಿ ಒಂದು ಕನ್ನಡ ನಾಡಿನದೇ ಆಗಿದೆ. ಕಲ್ಯಾಣವನ್ನು, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವನ್ನು ರಾಜಧಾನಿಯಾಗಿ ಹೊಂದಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಮಲ್ಲರನ್ನು ಅವರ ವಯಸ್ಸು, ಮೈಕಟ್ಟು ಮತ್ತು ಬಲಗಳಿಗೆ ಅನುಸಾರವಾಗಿ ವರ್ಗಗಳಾಗಿ ವಿಂಗಡಿಸುವ ಬಗೆ, ಅವರಿಗೆ ಕೊಡಬೇಕಾದ ಆಹಾರ, ಮಾಡಿಸಬೇಕಾದ ಶ್ರಮಗಳು ಅಲ್ಲಿ ಬರುತ್ತವೆ. ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲಿನ ಸಾಮು ಇವೆಲ್ಲವೂ ಆ ಶ್ರಮಗಳಲ್ಲಿ ಸೇರಿವೆ. ಎಲ್ಲ ಮಲ್ಲರಿಗೂ ಒಂದೇ ಪ್ರಮಾಣದ ವ್ಯಾಯಾಮ ಸಲ್ಲದು ಎಂಬ ತಿಳಿವಳಿಕೆ ಒಂಬತ್ತು ಶತಮಾನಗಳ ಹಿಂದೆಯೇ ಇತ್ತೆಂಬುದು ಗಮನಾರ್ಹ.

ಗುಜರಾತಿನ ಮೋಢೇರಾದ ಜ್ಯೇಷ್ಠಿಮಲ್ಲರ ಪರಂಪರೆಗೆ ಸೇರಿದ 'ಮಲ್ಲಪುರಾಣ'ವು ಇಂತಹ ಇನ್ನೊಂದು ಗ್ರಂಥ. ಇದು 1964ರಲ್ಲಿ ಬರೋಡಾದಿಂದ ಸಂಪಾದಿತವಾಗಿ ಪ್ರಕಟವಾಯಿತು. ಮೈಸೂರಿನ ಜಟ್ಟಿ ಸಮುದಾಯವನ್ನು ಇದೇ ಜ್ಯೇಷ್ಠಿಮಲ್ಲರ ಶಾಖೆಯೆಂದು ಪರಿಗಣಿಸಲಾಗಿದೆ. ವಿಜಯದಶಮಿಯಂದು ಮೈಸೂರು ಅರಮನೆಯ ಆವರಣದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಸೆಣಸುವವರು ಈ ಜಟ್ಟಿಗಳೇ.

ಮೈಸೂರಿನ ಗರಡಿಮನೆಗಳಲ್ಲಿ, ಹಾಗೆಯೇ ತಾಲೀಮು ಎಂದು ಕರೆಯುವ ಉತ್ತರ ಕರ್ನಾಟಕದ ಊರುಗಳಲ್ಲಿ ದಂಡ ಮತ್ತು ಬಸ್ಕಿ ಜೋಡಿ ಸಾಮುಗಳು. ದಂಡದಿಂದ ಎದೆ, ತೋಳು, ಭುಜಗಳಿಗೆ ಬಲ. ಬಸ್ಕಿಯಿಂದ ಸೊಂಟದ ಕೆಳಗಿನ ಭಾಗಕ್ಕೆ ಬಲ. ಹೊಸದಾಗಿ ಸೇರಿದ ಹುಡುಗನನ್ನು ವಸ್ತಾದರು ಸಾಮಾನ್ಯವಾಗಿ ನೇರವಾಗಿ ಮಟ್ಟಿಗೆ ಇಳಿಸುವುದಿಲ್ಲ. ಮೊದಲು ಹನುಮಂತನ ಪಟಕ್ಕೆ ನಮಸ್ಕಾರ, ಅನಂತರ ಎಣಿಕೆಯ ದಂಡ-ಬಸ್ಕಿ. ಎಣಿಕೆ ಚಿಕ್ಕದರಿಂದ ಆರಂಭವಾಗಿ ತಿಂಗಳುಗಟ್ಟಲೆ ಕಾಲದಲ್ಲಿ ಏರುತ್ತದೆ. ಕಾಲು ಗಟ್ಟಿಯಾಗದವನು ಎದುರಾಳಿಯ ಹಿಡಿತದಲ್ಲಿ ನೆಲೆ ನಿಲ್ಲಲಾರನೆಂಬುದು ಕುಸ್ತಿಯಲ್ಲಿ ಮೊದಲ ಪಾಠ. ಹಳ್ಳಿಗಳ ಜಾತ್ರೆಗಳಲ್ಲಿ ಗುಂಡುಕಲ್ಲು ಅಥವಾ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆಯಲ್ಲಿಯೂ ನೋಡುವವರ ಕಣ್ಣು ತೋಳಿನ ಮೇಲಿರುತ್ತದೆ. ಕಲ್ಲು ನೆಲ ಬಿಡುವುದು ಮಾತ್ರ ತೊಡೆಯ ಬಲದಿಂದ.

ಬಸ್ಕಿಯ ಹೆಸರನ್ನು ದೇಶದ ಹೊರಗೆ ಹರಡಿದವರಲ್ಲಿ ಗಾಮಾ ಪೈಲ್ವಾನ್ ಪ್ರಮುಖರು. 1878ರಲ್ಲಿ ಜನಿಸಿದ ಗುಲಾಂ ಮಹಮ್ಮದ್ ಬಕ್ಷ್, ಅಂದರೆ ಗಾಮಾ, 1910ರಲ್ಲಿ ಲಂಡನ್ನಿಗೆ ತೆರಳಿ ಅಮೆರಿಕದ ಬೆಂಜಮಿನ್ ರೋಲರ್‌ನನ್ನು ಸೋಲಿಸಿದರು. ಪೋಲೆಂಡಿನ ಸ್ಟಾನಿಸ್ಲಾಸ್ ಬಿಸ್ಕೋನೊಡನೆ ಎರಡು ಗಂಟೆಗೂ ಮಿಕ್ಕಿ ನಡೆದ ಪಂದ್ಯ ಸಮಬಲವಾಯಿತು; 1928ರಲ್ಲಿ ಪಟಿಯಾಲದಲ್ಲಿ ಅದೇ ಬಿಸ್ಕೋನನ್ನು ಒಂದು ನಿಮಿಷದೊಳಗೆ ಕೆಡವಿದರು. ಗಾಮಾ ದಿನಕ್ಕೆ ಐದು ಸಾವಿರ ಬೈಠಕ್ ಹೊಡೆಯುತ್ತಿದ್ದರೆಂಬ ಮಾತು ಪ್ರಚಾರದಲ್ಲಿದೆ. ಅವರು ಬೈಠಕ್ ಮಾಡುವಾಗ ಕೊರಳಿಗೆ ಹಾಕಿಕೊಳ್ಳುತ್ತಿದ್ದರೆನ್ನಲಾದ, 95 ಕಿಲೋಗ್ರಾಂ ತೂಕದ ಹಸ್ಲಿ ಎಂಬ ಬಳೆಯಾಕಾರದ ಭಾರವನ್ನು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಇಂತಹ ಸಂಖ್ಯೆಗಳು ಬಾಲ್ಯದಿಂದಲೇ ಅದಕ್ಕಾಗಿ ಬೆಳೆಸಿದ ದೇಹಕ್ಕೆ ಸೇರಿದವು. ಸಾಮಾನ್ಯರು ಇವನ್ನು ಗುರಿಯಾಗಿ ಇಟ್ಟುಕೊಳ್ಳಬಾರದು.

20ನೆಯ ಶತಮಾನದ ಮೊದಲ ಭಾಗದಲ್ಲಿ ದೇಶೀಯ ವ್ಯಾಯಾಮವು ಗರಡಿಯ ಗೋಡೆಗಳನ್ನು ದಾಟಿ ವಿದ್ಯಾವಂತರ ನಡುವೆ ಬಂದಿತು. 1914ರಲ್ಲಿ ಅಮರಾವತಿಯಲ್ಲಿ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿ ಆರಂಭವಾಯಿತು. ಬರೋಡಾದ ಡಿ.ಸಿ. ಮುಜುಂದಾರ್ ಅವರು ಮರಾಠಿಯಲ್ಲಿ ಹತ್ತು ಸಂಪುಟಗಳ ವ್ಯಾಯಾಮ ಜ್ಞಾನಕೋಶವನ್ನು ಸಂಪಾದಿಸಿದರು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಅವರು ವ್ಯಾಯಾಮಶಾಲೆಯನ್ನು ನಡೆಸಿ, ಯೋಗಾಸನ, ಸೂರ್ಯನಮಸ್ಕಾರ ಮತ್ತು ಪಾಶ್ಚಾತ್ಯ ದೇಹದಾರ್ಢ್ಯ ಪದ್ಧತಿಗಳನ್ನು ಜೊತೆಗೂಡಿಸಿ ಕಲಿಸಿದರು. 'ಶಾಂತಲಾ' ಕಾದಂಬರಿಯ ಕರ್ತೃವೆಂದೇ ಅವರನ್ನು ಬಲ್ಲ ಓದುಗರಿಗೆ ಈ ಸಂಗತಿ ಹೊಸದೆನಿಸಬಹುದು. ಮುಂದೆ ಜಪಾನಿನ ವೃತ್ತಿಪರ ಕುಸ್ತಿಪಟುಗಳೂ ಬೈಠಕ್ಕನ್ನು ತಮ್ಮ ನಿತ್ಯದ ಅಭ್ಯಾಸವಾಗಿ ಸ್ವೀಕರಿಸಿದರು. ಅಲ್ಲಿಯೂ ಅದರ ಹೆಸರು ಹಿಂದೂ ಸ್ಕ್ವಾಟ್ ಎಂದೇ ಉಳಿದಿದೆ.

ದೇಹದಲ್ಲಿ ನಡೆಯುವ ಕ್ರಿಯೆ

ಬಸ್ಕಿಯಲ್ಲಿ ಸೊಂಟ, ಮಂಡಿ ಮತ್ತು ಹರಡು ಎಂಬ ಮೂರು ಕೀಲುಗಳು ಒಟ್ಟಿಗೆ ಮಡಿದು ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ. ತೊಡೆಯ ಮುಂಭಾಗದ ನಾಲ್ಕು ತಲೆಗಳ ಸ್ನಾಯು, ಅಂದರೆ ಕ್ವಾಡ್ರಿಸೆಪ್ಸ್, ಮಂಡಿಯನ್ನು ನೇರಗೊಳಿಸುತ್ತದೆ. ಪೃಷ್ಠದ ಗ್ಲೂಟಿಯಸ್ ಮ್ಯಾಕ್ಸಿಮಸ್ ಸ್ನಾಯು ಸೊಂಟವನ್ನು ಮೇಲೆತ್ತುತ್ತದೆ. ಮೀನಖಂಡವು ಹರಡನ್ನು ಹಿಡಿದಿಡುತ್ತದೆ. ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳು ಮುಂಡವು ಮುಂದಕ್ಕೆ ಕುಸಿಯದಂತೆ ತಡೆಯುತ್ತವೆ. ದೇಹದ ಅತಿ ದೊಡ್ಡ ಸ್ನಾಯುಗಳು ಈ ಭಾಗದಲ್ಲಿಯೇ ಇರುವುದರಿಂದ, ಕೆಲವೇ ಬಸ್ಕಿಗಳಿಗೆ ಉಸಿರು ಏರುತ್ತದೆ, ಹೃದಯದ ಬಡಿತ ಹೆಚ್ಚುತ್ತದೆ.

ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ಬಹುಭಾಗವನ್ನು ಹೀರಿಕೊಳ್ಳುವುದು ಸ್ನಾಯುಗಳೇ. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವು ಕಡಿಮೆ ಇದ್ದಾಗಲೂ ಸಕ್ಕರೆಯನ್ನು ಒಳಗೆ ಸೆಳೆಯಬಲ್ಲದು. ಈ ಕಾರಣದಿಂದ ಕಾಲಿನ ಬಲವರ್ಧಕ ವ್ಯಾಯಾಮವು ಮಧುಮೇಹದ ನಿಯಂತ್ರಣಕ್ಕೆ ಸಹಕಾರಿಯಾಗಿದೆ. ಔಷಧಿಗೆ ಅದು ಬದಲಿಯಲ್ಲ. ಮೂಳೆಗಳ ಮೇಲೆ ಬೀಳುವ ಭಾರವು ಅವುಗಳ ಸಾಂದ್ರತೆ ಉಳಿಯಲು ನೆರವಾಗುತ್ತದೆ. ಮುಟ್ಟು ನಿಂತ ಮಹಿಳೆಯರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಕಿವಿ ಹಿಡಿದು ಬಸ್ಕಿ ಹೊಡೆದರೆ ಮೆದುಳು ಚುರುಕಾಗುತ್ತದೆಂಬ ಪ್ರಚಾರವೂ ಇದೆ. ಕಿವಿಯ ಹಾಲೆ ಹಿಡಿಯುವುದರಿಂದ ಅಂತಹ ವಿಶೇಷ ಲಾಭ ಉಂಟೆಂಬುದು ದೃಢಪಟ್ಟಿಲ್ಲ.

ಹಿರಿಯ ನಾಗರಿಕರಿಗೆ ಇರುವ ಮಹತ್ವ

ಬಸ್ಕಿಯ ನಿಜವಾದ ಬೆಲೆ ತಿಳಿಯುವುದು ಯೌವನದಲ್ಲಿ ಅಲ್ಲ. ಮೂವತ್ತರ ನಂತರ ಸ್ನಾಯುಗಳು ನಿಧಾನವಾಗಿ ಕ್ಷೀಣಿಸತೊಡಗುತ್ತವೆ. ಈ ನಷ್ಟವು ತೋಳಿಗಿಂತ ಕಾಲಿನಲ್ಲಿ ಹೆಚ್ಚು. ಹಿಂದೆ ಒರಳಿನ ಮುಂದೆ, ರಾಗಿಕಲ್ಲಿನ ಮುಂದೆ, ನೆಲದ ಒಲೆಯ ಮುಂದೆ, ಊಟದ ಪಂಕ್ತಿಯಲ್ಲಿ, ಶೌಚಾಲಯದಲ್ಲಿ ದಿನಕ್ಕೆ ಹತ್ತಾರು ಬಾರಿ ಕುಳಿತು ಏಳುವುದು ಅನಿವಾರ್ಯವಾಗಿತ್ತು. ಮಿಕ್ಸರ್, ಅಡುಗೆಯ ಕಟ್ಟೆ, ಊಟದ ಮೇಜು ಮತ್ತು ಕಮೋಡುಗಳು ಬಂದ ಮನೆಗಳಲ್ಲಿ ಅದು ಒಂದೊಂದಾಗಿ ಇಲ್ಲವಾಯಿತು. ಇವುಗಳಿಂದ ಅನುಕೂಲವೇ ಆಗಿದೆ. ಕಾಲಿಗೆ ಸಿಗುತ್ತಿದ್ದ ಕೆಲಸ ಮಾತ್ರ ತಪ್ಪಿಹೋಗಿದೆ. ಕುರ್ಚಿಯ ಕೈ ಹಿಡಿಯದೆ ಏಳಲಾರದ ಹಿರಿಯರು ಮೊದಲು ಬಸ್ಸಿನ ಮೆಟ್ಟಿಲನ್ನು, ಆಮೇಲೆ ಮನೆಯ ಮೆಟ್ಟಿಲನ್ನು, ಕೊನೆಗೆ ಸ್ನಾನದ ಮನೆಗೆ ಒಬ್ಬರೇ ಹೋಗುವುದನ್ನು ಬಿಡಬೇಕಾಗುತ್ತದೆ. ಬಿದ್ದು ಸೊಂಟದ ಕೀಲಿನ ಮೂಳೆ ಮುರಿದರೆ ಅನೇಕರು ಹಿಂದಿನ ನಡಿಗೆಗೆ ಮರಳುವುದೇ ಇಲ್ಲ.

ಕಳೆದುಹೋದ ಬಲವನ್ನು ಇಳಿವಯಸ್ಸಿನಲ್ಲಿಯೂ ಮರಳಿ ಪಡೆಯಬಹುದು. ಅಮೆರಿಕದ ಬಾಸ್ಟನ್ ನಗರದ ವೃದ್ಧರ ಪುನರ್ವಸತಿ ಕೇಂದ್ರವೊಂದರಲ್ಲಿ 90 ವರ್ಷದ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರಗಳ ಕಾಲ ತೊಡೆಯ ಬಲವರ್ಧಕ ವ್ಯಾಯಾಮ ಮಾಡಿಸಿ, ಅದರ ಫಲಿತಾಂಶವನ್ನು 1990ರಲ್ಲಿ ಪ್ರಕಟಿಸಲಾಯಿತು. ಪೂರ್ಣ ಅವಧಿ ಮುಗಿಸಿದ ಒಂಬತ್ತು ಮಂದಿಯ ಕಾಲಿನ ಬಲವು ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ಅಲ್ಲಿ ಬಳಸಿದ್ದು ಭಾರದ ಯಂತ್ರವೇ ಹೊರತು ಬಸ್ಕಿಯಲ್ಲ. ಆದರೂ ವಯಸ್ಸಾಯಿತೆಂದು ಕೈಚೆಲ್ಲುವ ಅಗತ್ಯವಿಲ್ಲವೆಂಬುದನ್ನು ಅದು ತೋರಿಸಿಕೊಟ್ಟಿತು. ವಾರದಲ್ಲಿ ಕನಿಷ್ಠ ಎರಡು ದಿನ ಬಲವರ್ಧಕ ವ್ಯಾಯಾಮ ಮಾಡಬೇಕೆಂದು, ಹಿರಿಯರು ಇದರೊಡನೆ ವಾರಕ್ಕೆ ಮೂರು ದಿನವಾದರೂ ಸಮತೋಲನದ ಅಭ್ಯಾಸವನ್ನು ಸೇರಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಲಹೆ ಮಾಡಿದೆ.

ಹಿರಿಯರು ನೆಲಮಟ್ಟದವರೆಗೆ ಇಳಿಯಬೇಕಾಗಿಲ್ಲ. ಕುರ್ಚಿಯಿಂದ ಎದ್ದು ಕೂರುವುದೇ ಅವರ ಬಸ್ಕಿ. ಇದನ್ನು ಪರೀಕ್ಷೆಯಾಗಿಯೂ ಬಳಸಬಹುದು. ಸುಮಾರು 43 ಸೆಂಟಿಮೀಟರ್ ಎತ್ತರದ, ಗೋಡೆಗೆ ಒರಗಿಸಿಟ್ಟ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಕತ್ತರಿಯಾಗಿ ಇರಿಸಿ, 30 ಸೆಕೆಂಡುಗಳಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ನಿಲ್ಲಲು ಸಾಧ್ಯವೆಂದು ಎಣಿಸತಕ್ಕದ್ದು. ಅಮೆರಿಕದಲ್ಲಿ ಬಳಕೆಯಲ್ಲಿರುವ ಮಾನದಂಡದ ಪ್ರಕಾರ 60ರಿಂದ 64 ವರ್ಷದ ಪುರುಷರಲ್ಲಿ 14ಕ್ಕಿಂತ, ಮಹಿಳೆಯರಲ್ಲಿ 12ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚೆಂದು ತಿಳಿಯಲಾಗುತ್ತದೆ. 70ರಿಂದ 74 ವರ್ಷದವರಿಗೆ ಈ ಸಂಖ್ಯೆ ಕ್ರಮವಾಗಿ 12 ಮತ್ತು 10. ಪರೀಕ್ಷೆಯ ವೇಳೆ ಮನೆಯವರೊಬ್ಬರು ಪಕ್ಕದಲ್ಲಿ ನಿಂತಿರುವುದು ಅವಶ್ಯ.

ಮಾಡುವ ವಿಧಾನ

ಗರಡಿಯ ಬಸ್ಕಿಯಲ್ಲಿ ಕೆಳಗೆ ಇಳಿಯುತ್ತಿದ್ದಂತೆ ಹಿಮ್ಮಡಿ ಮೇಲೇಳುತ್ತದೆ, ದೇಹದ ಭಾರ ಬೆರಳುಗಳ ಮೇಲೆ ಬರುತ್ತದೆ, ಕೈಗಳು ಹಿಂದಕ್ಕೂ ಮುಂದಕ್ಕೂ ತೂಗುತ್ತವೆ. ಕೆಲವು ಅಖಾಡಗಳಲ್ಲಿ ಏಳುವಾಗ ಚಿಕ್ಕದಾಗಿ ಮುಂದಕ್ಕೆ ನೆಗೆದು, ಮತ್ತೆ ಹಿಂದಕ್ಕೆ ನೆಗೆಯುವ ಕ್ರಮವೂ ಇದೆ. ಒಂದರ ಹಿಂದೆ ಒಂದರಂತೆ ಲಯಬದ್ಧವಾಗಿ ನೂರಾರು ಎಣಿಕೆ ಸಾಗಿಸಲು ಈ ತೂಗಾಟ ಅನುಕೂಲಕರ. ಆದರೆ ಹಿಮ್ಮಡಿ ಎತ್ತಿದಾಗ ಮಂಡಿಚಿಪ್ಪಿನ ಮೇಲಿನ ಒತ್ತಡ ಹೆಚ್ಚುತ್ತದೆ. ಹೊಸಬರು ಹಿಮ್ಮಡಿಯನ್ನು ನೆಲಕ್ಕೆ ಊರಿಯೇ ಆರಂಭಿಸುವುದು ಲೇಸು.

ಕಾಲುಗಳನ್ನು ಭುಜದ ಅಗಲಕ್ಕೆ ಇರಿಸಿ, ಪಾದಗಳನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ನಿಲ್ಲಬೇಕು. ಹಿಂದೆ ಇರುವ ಮಣೆಯ ಮೇಲೆ ಕೂರುವಂತೆ ಸೊಂಟವನ್ನು ಹಿಂದಕ್ಕೆ ಸರಿಸುತ್ತಾ, ಉಸಿರು ಒಳಗೆಳೆದು ನಿಧಾನವಾಗಿ ಇಳಿಯಬೇಕು. ಮಂಡಿಗಳು ಒಳಕ್ಕೆ ವಾಲದೆ ಪಾದದ ಬೆರಳುಗಳ ದಿಕ್ಕಿನಲ್ಲಿಯೇ ಇರಬೇಕು. ನೋವಿಲ್ಲದೆ ಎಷ್ಟು ಇಳಿಯಲು ಸಾಧ್ಯವೋ ಅಷ್ಟು ಸಾಕು. ಉಸಿರು ಬಿಡುತ್ತಾ ಏಳಬೇಕು. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುವುದರಿಂದ ಅದು ಸಲ್ಲದು. ಮೊದಲ ವಾರಗಳಲ್ಲಿ ಎಂಟು-ಹತ್ತು ಬಸ್ಕಿಗಳ ಎರಡು ಸರದಿ, ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ವಿಶ್ರಾಂತಿ ಇದ್ದರೆ ಸಾಕು. ಮರುದಿನ ತೊಡೆಯಲ್ಲಿ ಸಣ್ಣ ನೋವು ಕಾಣಿಸಿಕೊಳ್ಳುವುದು ಸಹಜ. ಆ ನೋವು ಪೂರ್ತಿ ಇಳಿದ ಮೇಲಷ್ಟೇ ಎಣಿಕೆ ಹೆಚ್ಚಿಸತಕ್ಕದ್ದು.

ಆಯುರ್ವೇದದ ಸುಶ್ರುತ ಸಂಹಿತೆ ಮತ್ತು ಅಷ್ಟಾಂಗ ಹೃದಯಗಳು ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ವಿಧಿಸುತ್ತವೆ. ಕ್ರೀಡಾಪಟುಗಳಿಗೆ ಇದು ಸಾಲದು. ಆದರೆ ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವವರಿಗೆ ಇದಕ್ಕಿಂತ ಸುರಕ್ಷಿತವಾದ ಅಳತೆ ಸಿಗುವುದು ಕಷ್ಟ.

ಮಂಡಿಗೆ ಹಾನಿಯೇ?

ಪೂರ್ಣ ಇಳಿಯುವ ಬಸ್ಕಿಯಿಂದ ಮಂಡಿ ಕೆಡುತ್ತದೆಂಬ ಭಯ ವ್ಯಾಪಕವಾಗಿದೆ. ಇದನ್ನು ಹೆಚ್ಚಾಗಿ ಹರಡಿದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ ಕಾರ್ಲ್ ಕ್ಲೈನ್ ಅವರು ನಡೆಸಿ 1961ರಲ್ಲಿ ಪ್ರಕಟಿಸಿದ ಅಧ್ಯಯನ. ಭಾರ ಹೊತ್ತು ಆಳವಾಗಿ ಕೂರುವವರಲ್ಲಿ ಮಂಡಿಯ ಅಸ್ಥಿರಜ್ಜುಗಳು ಸಡಿಲಗೊಂಡಿರುತ್ತವೆಂದು ಅವರು ಅಭಿಪ್ರಾಯಪಟ್ಟಿದ್ದರು. ಅನಂತರದ ಅಧ್ಯಯನಗಳು ಆರೋಗ್ಯವಂತರ ವಿಷಯದಲ್ಲಿ ಇದನ್ನು ಸಮರ್ಥಿಸಲಿಲ್ಲ. ಸರಿಯಾದ ಕ್ರಮದಲ್ಲಿ ಮಾಡಿದ ಬಸ್ಕಿಯಿಂದ ಮಂಡಿಯ ಸುತ್ತಲಿನ ಸ್ನಾಯುಗಳು ಬಲಗೊಂಡು ಕೀಲಿಗೆ ಆಸರೆಯಾಗುತ್ತವೆ.

ಕುಳಿತು ಏಳುವುದು ಬೇರೆ, ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕುಳಿತೇ ಇರುವುದು ಬೇರೆ. ಚೀನಾದ ಬೀಜಿಂಗ್‌ನ ಹಿರಿಯರ ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯೌವನದಲ್ಲಿ ದಿನವೂ ದೀರ್ಘಕಾಲ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದವರಲ್ಲಿ ಮಂಡಿಯ ಸವೆತ ಹೆಚ್ಚಾಗಿ ಕಂಡುಬಂದಿತು. ಕಳೆ ಕೀಳುವ, ಕಲ್ಲು ಒಡೆಯುವ, ನೆಲ ಒರೆಸುವ ಕೆಲಸದಲ್ಲಿ ದಿನವಿಡೀ ಹೀಗೆ ಕೂರುವವರಿಗೆ ಬೇಕಾದುದು ಇನ್ನಷ್ಟು ಬಸ್ಕಿಯಲ್ಲ. ಆಗಾಗ ಎದ್ದು ಕಾಲು ನೀಡುವ ಅವಕಾಶ. ಈಗಾಗಲೇ ಮಂಡಿ ಸವೆತ ಇರುವವರು, ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಆದವರು, ಹೃದ್ರೋಗಿಗಳು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು ಮತ್ತು ಗರ್ಭಿಣಿಯರು ವೈದ್ಯರ ಅಥವಾ ಭೌತಚಿಕಿತ್ಸಕರ ಸಲಹೆ ಪಡೆದ ನಂತರವೇ ಆರಂಭಿಸತಕ್ಕದ್ದು.

ಶಿಕ್ಷೆಯಾಗಿ ಬಸ್ಕಿ: ಪಾಲಕರು ಮತ್ತು ಶಿಕ್ಷಕರ ಗಮನಕ್ಕೆ

ಇಪ್ಪತ್ತು ಬಸ್ಕಿಯೂ ಅಭ್ಯಾಸವಿಲ್ಲದ ಮಗುವಿಗೆ ನೂರು, ಇನ್ನೂರು ಬಸ್ಕಿಗಳನ್ನು ಒಂದೇ ಸಲಕ್ಕೆ ಮಾಡಿಸುವುದು ಅಪಾಯಕಾರಿ. ಕೆಳಗೆ ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ಹೊರುತ್ತದೆ. ಸ್ನಾಯುವಿನ ಎಳೆಗಳು ಹರಿಯುವುದು ಮುಖ್ಯವಾಗಿ ಈ ಹಂತದಲ್ಲಿ. ಅಭ್ಯಾಸವಾದ ಸ್ನಾಯು ಇದನ್ನು ತಾಳಿಕೊಳ್ಳುತ್ತದೆ, ಅಭ್ಯಾಸವಿಲ್ಲದ್ದು ತಾಳಲಾರದು. ಮಿತಿ ಮೀರಿದರೆ ಸ್ನಾಯುಕೋಶಗಳು ಒಡೆದು, ಅವುಗಳೊಳಗಿನ ಮಯೋಗ್ಲೋಬಿನ್ ಎಂಬ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆ. ರಾಬ್ಡೋಮಯೋಲಿಸಿಸ್ ಎಂಬ ಈ ಸ್ಥಿತಿಯು ಅತಿಯಾದ ಬಸ್ಕಿಯ ನಂತರ ವಿದ್ಯಾರ್ಥಿಗಳಲ್ಲಿ ಮತ್ತು ಸೇನೆಗೆ ಹೊಸದಾಗಿ ಸೇರಿದವರಲ್ಲಿ ಕಾಣಿಸಿಕೊಂಡ ಪ್ರಕರಣಗಳು ಹಲವು ದೇಶಗಳ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಬಿಸಿಲು, ನೀರು ಕುಡಿಯದಿರುವುದು ಹಾಗೂ ಜ್ವರದಿಂದ ಚೇತರಿಸಿಕೊಳ್ಳುತ್ತಿರುವ ಸ್ಥಿತಿಯಲ್ಲಿ ಅಪಾಯ ಇನ್ನೂ ಹೆಚ್ಚು. ನಿಲ್ಲಿಸುವ ನಿರ್ಧಾರ ಮಗುವಿನ ಕೈಯಲ್ಲಿ ಇಲ್ಲದಿರುವುದೇ ಇಲ್ಲಿನ ಮುಖ್ಯ ದೋಷ. ಗರಡಿಯಲ್ಲಿ ವಸ್ತಾದರು ಹುಡುಗನ ಉಸಿರು ನೋಡಿ ಸಾಕೆನ್ನುತ್ತಾರೆ. ಶಿಕ್ಷೆಯಲ್ಲಿ ಎಣಿಕೆ ಮೊದಲೇ ನಿಶ್ಚಯವಾಗಿರುತ್ತದೆ.

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಅಧಿನಿಯಮ, 2009ರ 17ನೆಯ ಪ್ರಕರಣವು ಮಕ್ಕಳಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ನೀಡುವುದನ್ನು ನಿಷೇಧಿಸಿದೆ. ಈ ಅಧಿನಿಯಮವು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕೋಲು ಮುಟ್ಟಲಿಲ್ಲ, ಬಸ್ಕಿ ಮಾತ್ರ ಹೊಡೆಸಿದೆವು ಎಂಬ ಸಮಜಾಯಿಷಿಗೆ ಇಲ್ಲಿ ಅವಕಾಶವಿಲ್ಲ. ದೈಹಿಕ ಶಿಕ್ಷಣದ ಅವಧಿಯಲ್ಲಿ ಹತ್ತರಿಂದ ಆರಂಭಿಸಿ, ಆಟದಂತೆ ಮಾಡಿಸುವ ಬಸ್ಕಿಗೆ ಯಾವ ಅಡ್ಡಿಯೂ ಇಲ್ಲ. ಶಿಕ್ಷೆಯೆಂದು ಕಲಿತ ವ್ಯಾಯಾಮವನ್ನು ದೊಡ್ಡವರಾದ ಮೇಲೆ ಯಾರೂ ಇಷ್ಟಪಟ್ಟು ಮಾಡುವುದಿಲ್ಲವೆಂಬುದನ್ನೂ ಶಿಕ್ಷಕರು ಗಮನಿಸಬಹುದು.

ಹೆಚ್ಚು ಬಸ್ಕಿ ಹೊಡೆದ ಮಗುವಾಗಲಿ ವಯಸ್ಕರಾಗಲಿ, ಒಂದೆರಡು ದಿನಗಳಲ್ಲಿ ತೊಡೆ ಊದಿಕೊಂಡು, ಸಹಿಸಲಾಗದ ನೋವಿನಿಂದ ನಡೆಯಲಾರದಂತಾದರೆ, ಅಥವಾ ಮೂತ್ರವು ಕಾಫಿ ಡಿಕಾಕ್ಷನ್ನಿನಂತೆ ಕಂದು ಬಣ್ಣಕ್ಕೆ ತಿರುಗಿದರೆ, ಇಲ್ಲವೆ ಮೂತ್ರದ ಪ್ರಮಾಣ ಕಡಿಮೆಯಾದರೆ, ಎಣ್ಣೆ ತಿಕ್ಕುವುದರಲ್ಲಿ ಅಥವಾ ನೋವಿನ ಮಾತ್ರೆ ನುಂಗುವುದರಲ್ಲಿ ಕಾಲ ಕಳೆಯಬಾರದು. ಕೆಲವು ನೋವಿನ ಮಾತ್ರೆಗಳು ಇಂತಹ ಸಮಯದಲ್ಲಿ ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆಯಾಗುತ್ತವೆ. ಅದೇ ದಿನ ಆಸ್ಪತ್ರೆಗೆ ಕರೆದೊಯ್ದು, ಎಷ್ಟು ಬಸ್ಕಿ ಹೊಡೆಯಲಾಯಿತು ಮತ್ತು ಯಾವಾಗ ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸತಕ್ಕದ್ದು. ಕ್ರಿಯಾಟಿನ್ ಕೈನೇಸ್ ಎಂಬ ರಕ್ತಪರೀಕ್ಷೆಯಿಂದ ಸ್ಥಿತಿ ತಿಳಿದುಬರುತ್ತದೆ. ಬೇಗನೆ ರಕ್ತನಾಳದ ಮೂಲಕ ದ್ರವ ನೀಡಿದರೆ ಮೂತ್ರಪಿಂಡಗಳನ್ನು ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು.